ಮಂಗಳವಾರ ಏಳದ ಟ್ರ್ಯಾಕ್ಟರ್

ಮಂಗಳವಾರ ಬೆಳಿಗ್ಗೆ ಮತ್ತೆ ಅದೇ ಆಗಿತ್ತು. ಶಾಮನೂರಿನ ಶಿವಮೂರ್ತಪ್ಪನವರ ಟ್ರ್ಯಾಕ್ಟರ್ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಖಾಲಿ. ಸತತ ನಾಲ್ಕನೆಯ ಮಂಗಳವಾರ! ಹಿಂದಿನ ಮೂರು ಸಲ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಿದ್ದರು.

ಹರಿಹರದಿಂದ ಹಯಾತ್ ಚಾಚಾ ಮತ್ತು ನಾನು ಬಂದಾಗ ಗದ್ದೆಗಳ ಮಂಜು ಕೊಟ್ಟಿಗೆಯೊಳಗೂ ನುಸುಳಿತ್ತು. ಎಪ್ಪತ್ತನಾಲ್ಕನೇ ಇಸವಿಯ ಆ ಗಾಡಿಗೆ ಎತ್ತಿನ ಬೆನ್ನಿಗೆ ಹೊದಿಸುವ ಹಳೆಯ ಜೂಲ ಹೊದಿಸಿದ್ದರು; ಅದು ಕಣ್ಣು ಮುಚ್ಚಿ ಮೆಲುಕು ಹಾಕುವ ಎತ್ತಿನಂತೆ ಕಂಡಿತು. ಚಾಚಾ ನಲವತ್ತು ವರ್ಷದಿಂದ ಇಂಥ ಗಾಡಿಗಳ ವೈರಿಂಗ್ ಮಾಡುವವರು. ನಾನು ನಿಖತ್, ಅವರ ಅಣ್ಣನ ಮಗಳು. ಸಂಜೆ ತರಗತಿಯಲ್ಲಿ ಈ ಕೆಲಸ ಕಲಿತವಳು. ಹೋದ ತಿಂಗಳು ಈ ಗಾಡಿಗೆ ಹೊಸ ವೈರ್ ಎಳೆದವಳು ನಾನೇ. ತಪ್ಪು ನನ್ನದೇ ಇರಬಹುದೆ?

ಶಿವಮೂರ್ತಪ್ಪನವರಿಗೆ ಅಂಥ ಸಂದೇಹವಿರಲಿಲ್ಲ.

"ಈ ಬಕ್ಕೇಶನೇ ಕಳ್ಳ," ಎಂದು ಡ್ರೈವರನತ್ತ ಕೈ ತೋರಿಸಿದರು. "ಸೋಮವಾರ ನಾವು ಎತ್ತು ಹೂಡ್ತಿರ್ಲಿಲ್ಲ, ಈಗ ಗಾಡಿನೂ ಹೂಡಲ್ಲ. ಅವತ್ತೇ ಬ್ಯಾಟರಿ ಬಿಚ್ಚಿ ತನ್ನ ಭಜನೆ ಮೈಕಿಗೆ ಹಾಕ್ಕೊಂತಾನೆ. ಇವತ್ತಿಗೆ ಇವನ ಕೆಲ್ಸ ಮುಗೀತು!"

"ಮೈಕು ಕೆಟ್ಟು ಮೂರು ತಿಂಗ್ಳಾತು ಗೌಡ್ರೆ. ಬರೇ ಬಾಯಲ್ಲೇ ಕೂಗ್ಕೊಂತಿದೀನಿ!"

ಯಾರೂ ನಗಲಿಲ್ಲ. ಎಂಟು ವರ್ಷ ಇಟ್ಟುಕೊಂಡಿದ್ದ ಕೀಯನ್ನು ಮಡ್‌ಗಾರ್ಡ್ ಮೇಲಿಟ್ಟು ಬಕ್ಕೇಶ ಮಂಜಿನೊಳಗೆ ನಡೆದುಬಿಟ್ಟ.

ನಾನು ಜೂಲ ಎಳೆದು ತೆಗೆದೆ. ಚಾಚಾ ಬ್ಯಾಟರಿಯ ಮೇಲೆ ಬಾಗಿದರು.

"ಕನೆಕ್ಷನ್ ಮೇಲೆ ಈ ಗ್ರೀಸು ಯಾರು ಹಚ್ಚಿದ್ದು?"

"ನಾನೇ, ಚಾಚಾ."

"ನಿನ್ನ ಬೆರಳ ಗುರುತು ಹಂಗೇ ಐತೆ. ಬ್ಯಾಟರಿ ಯಾರೂ ಬಿಚ್ಚಿಲ್ಲ."

ಹಾಗಾದರೆ ನನ್ನ ವೈರೇ? ನಾವು ತಂದಿದ್ದ ಬ್ಯಾಟರಿ ಜೋಡಿಸಿ, ನಡುವೆ ಮೀಟರ್ ಹಿಡಿದೆವು. ಮುಳ್ಳು ಅಲ್ಲಾಡಲಿಲ್ಲ. ಎಲ್ಲೂ ಕರೆಂಟ್ ಸೋರುತ್ತಿರಲಿಲ್ಲ.

"ಸೋಮವಾರ ಮಾತ್ರ ಬರೋ ಕಳ್ಳ," ಎಂದರು ಚಾಚಾ. "ಆ ಜೂಲ ತೆಗೆದೋಳು ನೀನಲ್ವಾ? ಏನು ಕಂಡೆ?"

"ಏನಿಲ್ಲ... ದುಂಡಗೆ ಒಂದು ಕಂದು ಕಲೆ. ಅರಿಶಿನ ಅನ್ಕೊಂಡೆ."

ಚಾಚಾ ಅದನ್ನು ಮೂಸಿದರು. "ಸುಟ್ಟ ವಾಸನೆ!" ಸೀಟಿನ ಹಿಂದೆ, ಉಳುವಾಗ ನೇಗಿಲು ಕಾಣಲೆಂದು ಇರುವ ದೀಪದ ಮೇಲೆ ಜೂಲ ಹಾಸಿದರು. ಕಲೆ ಗಾಜಿಗೆ ಸರಿಯಾಗಿ ಕೂತಿತು. ಆ ದೀಪಕ್ಕೆ ಅದರದೇ ಸ್ವಿಚ್; ಕೀ ಬೇಕಿಲ್ಲ.

"ಇದನ್ನ ಹಚ್ಚೋರು ಯಾರ್ರಿ?"

"ನಾನೇ ಕಣಪ್ಪ," ಬಾಗಿಲಲ್ಲಿ ಶಿವಮೂರ್ತಪ್ಪನವರ ತಾಯಿ ಸರ್ವಮಂಗಳಮ್ಮ. "ಸೋಮವಾರ ಸಂಜೆ ವಿಭೂತಿ ಹಚ್ಚಿ, ಜೂಲ ಹೊದಿಸ್ತೀನಿ. ಬಸವಣ್ಣ ಕತ್ಲಾಗೆ ಕೂಡಬಾರ್ದಲ್ಲ? ಮೊದ್ಲು ಹಣತೆ ಇಡ್ತಿದ್ದೆ. ಈ ಮಗಳು ದೀಪ ರಿಪೇರಿ ಮಾಡಿದ ಮ್ಯಾಲೆ ಇದನ್ನೇ ಹಚ್ಚಿ, ಬೆಳಗಾಗ ಆರಿಸ್ತೀನಿ. ಎಣ್ಣೆ ಖರ್ಚಿಲ್ಲ."

"ಎಣ್ಣೆ ಬದ್ಲು ಬ್ಯಾಟರಿನೇ ಕುಡಿದೈತಮ್ಮಾ," ಚಾಚಾ ಮೆಲ್ಲಗೆ ಹೇಳಿದರು. "ಜೂಲದ ಅಡಿ ಬೆಳಕು ಯಾರಿಗೂ ಕಾಣ್ಲಿಲ್ಲ. ಕಳ್ಳರು ನೀವೇ."

"ಯಾಕವ್ವಾ ಹೇಳ್ಲಿಲ್ಲ?" ಶಿವಮೂರ್ತಪ್ಪ ಕೂಗಿದರು.

"ಊರೆಲ್ಲಾ ಕೇಳಿದಿ. ನನ್ನ ಕೇಳಿದ್ಯಾ? ಈಗ ನನ್ನೇ ಕೆಲ್ಸದಿಂದ ಬಿಡಿಸು."

ಶಿವಮೂರ್ತಪ್ಪ ಕೀ ಎತ್ತಿಕೊಂಡು ಬರಿಗಾಲಲ್ಲೇ ಓಡಿದರು. "ಬಕ್ಕೇಶಾ, ನಿಂದ್ರೋ!" ಆಮೇಲೆ, ದೂರದಿಂದ, "ನಿಂದ್ರಪ್ಪಾ..."

ಮಂಜಿನಲ್ಲಿ ಇಬ್ಬರೂ ಕಾಣಲಿಲ್ಲ. ಬಹಳ ಹೊತ್ತಿನ ಮೇಲೆ ಬಕ್ಕೇಶನ ದನಿ ಹತ್ತಿರವಾಯಿತು:

"ಚಪ್ಲಿ ಆದ್ರೂ ಹಾಕ್ಕೊಂಡು ಬರಬಾರ್ದಿತ್ತಾ ಗೌಡ್ರೆ? ಮುಳ್ಳೈತೆ. ನೋಡ್ಕೊಂಡು ನಡೀರಿ."