ಒಂಬತ್ತನೇ ಆಯ್ಕೆ

ಕಾರ್ಮೈನ್ ಡಿಫಾಲ್ಕೊನ ತಲೆಯ ಮೇಲಿನ ಕೂದಲಿಗಿಂತ ತಲೆಯೊಳಗಿನ ಅಭಿಪ್ರಾಯಗಳೇ ಹೆಚ್ಚು. ಎರಡು ಕಿವಿಗಳ ಹಿಂದೆ ಒಂದೊಂದು ಕುಚ್ಚು ಬಿಟ್ಟರೆ ಅವನ ನೆತ್ತಿ ಜನವರಿಯಲ್ಲಿ ಹೆಪ್ಪುಗಟ್ಟಿದ ಇರೀ ಸರೋವರದಂತೆ ಫಳಫಳ ಹೊಳೆಯುತ್ತಿತ್ತು. ಅಂಥ ತಲೆಯನ್ನು ಹೊತ್ತುಕೊಂಡು ಅವನು ಪ್ರತಿ ಶನಿವಾರ ರೆನಾಟಾ ಪಾವ್ಲಕ್‌ಳ ಕ್ಷೌರದಂಗಡಿಗೆ ಬಂದು, ಸರದಿ ಕಾದು, ಕುರ್ಚಿಯೇರಿ, "ಸ್ವಲ್ಪ ಟ್ರಿಮ್ ಮಾಡು" ಎನ್ನುತ್ತಿದ್ದ.

ಬಫಲೋ ನಗರದಲ್ಲಿ ಅದಕ್ಕಿಂತ ದೊಡ್ಡ ಸುಳ್ಳನ್ನು ಅಷ್ಟು ಗಂಭೀರವಾಗಿ ಹೇಳಿದವರು ಇನ್ನೊಬ್ಬರಿಲ್ಲ.

ರೆನಾಟಾಳಾದರೋ, ಊರಿನ ಅಮೆರಿಕನ್ ಫುಟ್‌ಬಾಲ್ ಟೀಮಿನ ಬಗ್ಗೆ ಅವಳಿಗೆ ತಿಳಿದಷ್ಟು ಕೋಚಿಗೂ ತಿಳಿದಿರಲಿಲ್ಲ, ಮಾಲೀಕರಿಗೂ ತಿಳಿದಿರಲಿಲ್ಲ, ದೇವರಿಗೂ ತಿಳಿದಿರಲಿಲ್ಲ. ದೇವರಿಗೆ ಬೇರೆ ಊರುಗಳ ಟೀಮುಗಳ ಚಿಂತೆಯೂ ಇತ್ತಲ್ಲ. ಭಾನುವಾರ ಟೀಮು ಸೋತರೆ ಅವಳ ಕೈ ನಡುಗಿ, ವಾರವಿಡೀ ಊರಿನ ಗಂಡಸರು ಒಂದು ಬದಿ ಗಿಡ್ಡ, ಒಂದು ಬದಿ ಉದ್ದ ಕೂದಲಿನ ತಲೆಯಲ್ಲಿ ಓಡಾಡುತ್ತಿದ್ದರು. ಹೋದ ಸೀಸನ್‌ನಲ್ಲಿ ಟೀಮು ಎಷ್ಟು ಸಲ ಸೋತಿತ್ತೆಂದರೆ ಕೊನೆಗೆ ಅದೇ ಫ್ಯಾಷನ್ ಆಗಿಹೋಯಿತು. ಹಿಂದೊಮ್ಮೆ ಅವಳಿಗೆ ನಿಶ್ಚಿತಾರ್ಥವಾಗಿತ್ತು. ಆ ಹುಡುಗ ಒಂದು ಸಂಜೆ "ಇದು ಬರೀ ಆಟ ತಾನೇ" ಅಂದ. ಅವನು ವಾಕ್ಯ ಮುಗಿಸುವುದರೊಳಗೆ ಉಂಗುರ ಅವನ ಜೇಬಿನಲ್ಲಿತ್ತು.

ಏಪ್ರಿಲ್ ಬಂತೆಂದರೆ ಡ್ರಾಫ್ಟ್. ಕಾಲೇಜು ಮುಗಿಸಿದ ಆಟಗಾರರನ್ನು ಟೀಮುಗಳು ಸರದಿಯಂತೆ, ಸುತ್ತು ಸುತ್ತಾಗಿ ಆರಿಸಿಕೊಳ್ಳುವ ಸಂಜೆಗಳು ಅವು; ಮೊದಲ ಸಂಜೆ ಮೊದಲ ಸುತ್ತು. ಹೆಚ್ಚು ಸೋತವರಿಗೆ ಮೊದಲ ಸರದಿ. ಬಫಲೋದ ಟೀಮು ಬಹಳ ಶ್ರದ್ಧೆಯಿಂದ ಸೋತು ಒಂಬತ್ತನೇ ಸರದಿ ಸಂಪಾದಿಸಿತ್ತು.

"ರಿಸೀವರ್ ಬೇಕು," ಎಂದ ಕಾರ್ಮೈನ್, ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಳ್ಳುತ್ತಾ. "ಚಿರತೆ ಹಾಗೆ ಓಡಿ, ಚೆಂಡು ಎಲ್ಲಿಗೆ ಎಸೆದ್ರೂ ಹಿಡಿಯೋನು."

"ಎಸೆಯೋನು ಬದುಕಿದ್ರೆ ತಾನೇ ಹಿಡಿಯೋ ಮಾತು," ಎಂದಳು ರೆನಾಟಾ. "ಚೆಂಡು ಎಸೆಯೋ ನಮ್ಮ ಕ್ವಾರ್ಟರ್‌ಬ್ಯಾಕ್‌ನ ಎಲ್ಲರೂ ಕೆಡವಿ ಕೆಡವಿ, ಅವನು ಹೋದ ವರ್ಷ ನಿಂತಿದ್ದಕ್ಕಿಂತ ಮಲಗಿದ್ದೇ ಜಾಸ್ತಿ. ಪಾಪ, ಆಕಾಶದಲ್ಲಿರೋ ಮೋಡಗಳೆಲ್ಲಾ ಅವನಿಗೆ ಹೆಸರು ಹಿಡಿದು ಗೊತ್ತು. ನಮಗೆ ಬೇಕಿರೋದು ಲೈನ್‌ಮನ್. ಅವನ ಮುಂದೆ ಫ್ರಿಜ್ ಹಾಗೆ ನಿಂತು ಕಾಯೋನು."

"ಫ್ರಿಜ್ ನೋಡೋಕೆ ಯಾರು ಟಿಕೆಟ್ ತಗೋತಾರೆ ಮಾರಾಯ್ತಿ?"

"ನೀನು ಬಾಯಿ ಮುಚ್ಚಿಕೊಂಡ್ರೆ ನಾನು ತಗೋತೀನಿ. ನಿನಗೂ ಒಂದು."

ಇಷ್ಟೂ ಮಾತು ಕನ್ನಡಿಯ ಮೂಲಕ. ಅವರಿಬ್ಬರೂ ಒಬ್ಬರನ್ನೊಬ್ಬರು ನೇರವಾಗಿ ನೋಡಿದ್ದೇ ಕಡಿಮೆ. ಅವಳು ಕತ್ತರಿಯಿಂದ ಕಣ್ಣೆತ್ತಿದಾಗ ಅವನ ಕಂದು ಕಣ್ಣು ಕನ್ನಡಿಯಲ್ಲಿ ಕಾದಿರುತ್ತಿತ್ತು. ಸಿಕ್ಕಿಬಿದ್ದೊಡನೆ ಅದು ಗೋಡೆಯ ಕ್ಯಾಲೆಂಡರಿನತ್ತ ಜಾರುತ್ತಿತ್ತು. ಆ ಕ್ಯಾಲೆಂಡರನ್ನು ಅವನಷ್ಟು ಭಕ್ತಿಯಿಂದ ಅಚ್ಚು ಹಾಕಿದವನೂ ನೋಡಿರಲಿಕ್ಕಿಲ್ಲ.

ಮೂಲೆಯ ಕುರ್ಚಿಯಲ್ಲಿ ಹೆಣಿಗೆ ಹಾಕುತ್ತಿದ್ದ ರೆನಾಟಾಳ ಚಿಕ್ಕಮ್ಮ ಸ್ಟೆಲ್ಲಾ ಸೂಜಿ ಕೆಳಗಿಟ್ಟಳು. "ನಿಮ್ಮ ಜಗಳ ಕೇಳಿ ಕೇಳಿ ನನ್ನ ಕಿವಿಯಲ್ಲೂ ಕೂದಲು ಬೆಳೀತು. ಪಂದ್ಯ ಕಟ್ಟಿ ಮುಗಿಸ್ರಪ್ಪ."

"ಕಟ್ಟೋಣ," ಎಂದಳು ರೆನಾಟಾ. ಅಂಗಡಿ ತುಂಬ ಜನ, ಬಾಯಿಗೆ ಬ್ರೇಕಿಲ್ಲ. "ಒಂಬತ್ತಕ್ಕೆ ಲೈನ್‌ಮನ್ ಬಂದ್ರೆ ಇವನು ಈ ಅಂಗಡೀಲಿ ಟೀಮಿನ ಬಗ್ಗೆ ತುಟಿ ಬಿಚ್ಚಬಾರದು. ಜೀವಮಾನ ಪೂರ್ತಿ."

"ರಿಸೀವರ್ ಬಂದ್ರೆ?"

"ನಿನಗೇನು ಬೇಕೋ ಕೇಳು."

ಕಾರ್ಮೈನ್ ಕ್ಯಾಲೆಂಡರ್ ನೋಡಲಿಲ್ಲ. ಅವನ ಮುಖಕ್ಕಿಂತ ಮೊದಲು ಕುತ್ತಿಗೆಯ ಹಿಂಭಾಗ ಕೆಂಪೇರಿತು. ಅದನ್ನು ನೋಡಬಲ್ಲವಳು ಜಗತ್ತಿನಲ್ಲಿ ಅವಳೊಬ್ಬಳೇ. "ಡ್ರಾಫ್ಟ್ ಮುಗಿದ ಶನಿವಾರ ಚರ್ಚ್ ಹಾಲ್‌ನಲ್ಲಿ ಪೋಲ್ಕಾ ಡಾನ್ಸ್ ಇದೆಯಲ್ಲ. ನನ್ನ ಜೊತೆ ಬರ್ಬೇಕು."

ಅಂಗಡಿಯಲ್ಲಿದ್ದವರೆಲ್ಲ ಕನ್ನಡಿಯತ್ತ ಕತ್ತು ಚಾಚಿದರು.

"ಆಯ್ತು," ಎಂದಳು ರೆನಾಟಾ. ಸ್ವರ ಸ್ವಲ್ಪ ಮೇಲಕ್ಕೆ ಹೋಯಿತು, ಅಷ್ಟೆ.

ಬಫಲೋದಲ್ಲಿ ಮದುವೆ ಮುರಿಯಬಹುದು, ಟೀಮಿನ ಮೇಲೆ ಕಟ್ಟಿದ ಪಂದ್ಯ ಮುರಿಯುವಂತಿಲ್ಲ. ಪಂದ್ಯದಲ್ಲಿ ಸೋತ ತಪ್ಪಿಗೆ ತನ್ನ ಮದುವೆಯ ದಿನವೇ ಸೂಟು ಸಮೇತ ಮಡಚುವ ಮೇಜಿನ ಮೇಲೆ ಹಾರಿ, ಅದನ್ನು ಎರಡು ತುಂಡು ಮಾಡಿದವನು ಈಗಲೂ ಅದೇ ಬೀದಿಯಲ್ಲಿದ್ದಾನೆ. ಮೇಜು ಮುರಿದಾಗ ಮೊದಲು ಚಪ್ಪಾಳೆ ತಟ್ಟಿದ್ದು ಪಾದ್ರಿ.

ಮರುವಾರ ಆನೆ ಮುಳುಗುವಷ್ಟು ಹಿಮ ಬಿತ್ತು. ಏಪ್ರಿಲ್ ಎಂಬ ಮುಲಾಜೂ ಅದಕ್ಕಿರಲಿಲ್ಲ. ಕಾರ್ಮೈನ್ ನಗರಸಭೆಯ ಹಿಮ ತೆಗೆಯುವ ಲಾರಿಯ ಚಾಲಕ. ಆ ಶನಿವಾರ ಅವನಿಗೆ ಬಿಡುವಿರಲಿಲ್ಲ. ಅಂಗಡಿಯ ಮುಂದೆ ಲಾರಿ ನಾಲ್ಕು ಸಲ ಹಾದುಹೋಯಿತು. ಊರೆಲ್ಲ ಬಿಳಿಯಲ್ಲಿ ಹೂತಿದ್ದರೂ ರೆನಾಟಾಳ ಬಾಗಿಲ ಮುಂದೆ ಮಾತ್ರ ತಟ್ಟೆ ಇಲ್ಲದೆ ಊಟ ಬಡಿಸಬಹುದಾದಷ್ಟು ಶುಭ್ರವಾದ ರಸ್ತೆ. ಪ್ರತಿ ಸಲವೂ ಕಿಟಕಿಯಿಂದ ಒಂದು ಕೈ ಮೇಲೆದ್ದು ಇಳಿಯಿತು.

ಅವನ ಕುರ್ಚಿಯಲ್ಲಿ ಆ ದಿನ ಒಬ್ಬ ದಂತವೈದ್ಯ ಕೂತಿದ್ದ. ರೆನಾಟಾ ಲೈನ್‌ಮನ್ ಅಂದಳು. "ಹೌದು ಹೌದು, ಲೈನ್‌ಮನ್ನೇ" ಅಂದ. ಪರೀಕ್ಷಿಸಲೆಂದು ರಿಸೀವರ್ ಅಂದಳು. "ಅದೂ ಸರಿಯೇ" ಅಂದ. ಅವಳಿಗೆ ಉಪ್ಪಿಲ್ಲದ ಸೂಪು ಕುಡಿದಂತಾಯಿತು.

ಆಗ ಅವಳಿಗೆ ಹೊಳೆಯಿತು. ಅವಳ ಲೆಕ್ಕ ಎಂದೂ ತಪ್ಪಿದ್ದಲ್ಲ. ಒಂಬತ್ತಕ್ಕೆ ಲೈನ್‌ಮನ್ ಬಂದೇ ಬರುತ್ತಾನೆ. ಬಂದರೆ ಕಾರ್ಮೈನ್‌ನ ಬಾಯಿಗೆ ಬೀಗ. ಜಗಳವೂ ಇಲ್ಲ, ಕೂದಲೂ ಇಲ್ಲ ಅಂದಮೇಲೆ ಆ ಮನುಷ್ಯ ಯಾವ ನೆಪದಲ್ಲಿ ಇಲ್ಲಿಗೆ ಬರಬೇಕು? ಇನ್ನುಳಿದ ಶನಿವಾರಗಳನ್ನೆಲ್ಲ ದಂತವೈದ್ಯರ ಜೊತೆ ಕಳೆಯುವ ಶಿಕ್ಷೆಯನ್ನು ತನ್ನ ಬಾಯಾರೆ ತಾನೇ ವಿಧಿಸಿಕೊಂಡಿದ್ದಳು.

"ಯಾಕೇ ಮಂಕಾಗಿದ್ದೀಯ?" ಎಂದಳು ಸ್ಟೆಲ್ಲಾ.

"ಏನಿಲ್ಲ ಚಿಕ್ಕಮ್ಮ. ಕಾರ್ಮೈನ್ ಹೇಳೋ ಆ ರಿಸೀವರ್ ಹುಡುಗ ಅಷ್ಟೇನೂ ಕೆಟ್ಟವನಲ್ಲ ಅನ್ಸುತ್ತೆ. ಕೈ ದೊಡ್ಡದಿದೆ."

ಸ್ಟೆಲ್ಲಾ ಎದ್ದು ಬಂದು ಅವಳ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಆದ್ದರಿಂದ ಇನ್ನೂ ಗಾಬರಿಯಾದಳು.

ಡ್ರಾಫ್ಟಿನ ಮೊದಲ ಸಂಜೆ ಬೀದಿಯ ಜನರೆಲ್ಲ ಕ್ರಿಸ್ಟೊಫ್‌ನ ಬಾರಿನಲ್ಲಿ ಸೇರಿದರು. ಎಷ್ಟು ಜನವೆಂದರೆ, ಒಬ್ಬರು ಉಸಿರು ಬಿಟ್ಟರೆ ಮಾತ್ರ ಇನ್ನೊಬ್ಬರಿಗೆ ಉಸಿರೆಳೆದುಕೊಳ್ಳಲು ಜಾಗ. ಖಾರದ ಕೋಳಿ ರೆಕ್ಕೆಗಳ ಬಕೆಟ್‌ಗಳು ತಲೆಗಳ ಮೇಲಿಂದ ಸಾಗುತ್ತಿದ್ದವು. ಕಾರ್ಮೈನ್ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ಅವನನ್ನು ಇಸ್ತ್ರಿಯಲ್ಲಿ ಕಂಡ ಗೆಳೆಯರು ಯಾರೋ ತೀರಿಕೊಂಡಿರಬೇಕೆಂದು ಟೋಪಿ ತೆಗೆದರು.

ಇಬ್ಬರೂ ಒಂದೇ ಮೇಜಿಗೆ ಬಂದರು. ಕನ್ನಡಿಯಿಲ್ಲದೆ ಎದುರುಬದುರು ಕೂತು ಅಭ್ಯಾಸವಿರದೆ ಇಬ್ಬರ ಕಣ್ಣಿಗೂ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ಅವಳು ಅವನ ಕಾಲರ್ ನೋಡಿದಳು. ಅವನು ಅವಳ ಕಿವಿಯೋಲೆ ನೋಡಿದ.

"ಚೆನ್ನಾಗಿದೆ," ಎಂದ.

"ಹಳೇದು."

"ನಾನು ಮೊದಲ ಸಲ ನೋಡ್ತಿದ್ದೀನಿ."

"ಕುರ್ಚೀಲಿ ಕೂತಾಗ ಬಾಯಿ ಆಡಿಸೋದು ನಿಲ್ಲಿಸಿದ್ರೆ ತಾನೇ ಕಣ್ಣಿಗೆ ಕೆಲಸ."

ಎಂಟು ಹೆಸರುಗಳು ಹೋದವು. ದೈವದ ತಮಾಷೆಯೋ ಏನೋ, ಅವಳ ಲೈನ್‌ಮನ್ನೂ ಉಳಿದ, ಅವನ ರಿಸೀವರ್ರೂ ಉಳಿದ. ಬಾರು "ರೆನಾಟಾ, ರೆನಾಟಾ" ಎಂದು ಮೇಜು ಕುಟ್ಟತೊಡಗಿತು. ಅವಳು ಮುಷ್ಟಿಯೆತ್ತಿ ನಕ್ಕಳು. ಒಳಗೊಳಗೇ ಮಾತ್ರ, ದೇವರೇ, ಟೀಮು ಒಂದು ವರ್ಷ ಮಣ್ಣು ಮುಕ್ಕಲಿ, ಕ್ವಾರ್ಟರ್‌ಬ್ಯಾಕ್ ಇನ್ನಷ್ಟು ಮೋಡ ನೋಡಲಿ, ರಿಸೀವರ್ ಬರಲಿ, ಎಂದು ಬೇಡುತ್ತಿದ್ದಳು. ಹುಟ್ಟಿದಾಗಿನಿಂದ ಅಂಥ ಪಾಪದ ಪ್ರಾರ್ಥನೆ ಅವಳ ಎದೆಯಿಂದ ಹೊರಟಿರಲಿಲ್ಲ. ಎದುರಿಗೆ ಕಾರ್ಮೈನ್ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದ.

ಟಿವಿಯವನು ಕೆಮ್ಮಿದ. ಒಂಬತ್ತನೇ ಸರದಿಯನ್ನು ಬಫಲೋ ಬೇರೊಂದು ಟೀಮಿಗೆ ಬಿಟ್ಟುಕೊಟ್ಟಿದೆ, ಬದಲಿಗೆ ಮುಂದಿನ ವರ್ಷ ಅವರ ಮೊದಲ ಸುತ್ತಿನ ಸರದಿ ಬಫಲೋಗೆ, ಎಂದ. ಆ ಟೀಮು ಬಂದು, ಮೊದಲ ಸುತ್ತಿನಲ್ಲಿ ಯಾರೂ ಕೇಳದ, ಬರೀ ಚೆಂಡು ಒದೆಯುವವನೊಬ್ಬನನ್ನು ಆರಿಸಿಕೊಂಡಿತು.

ಬಾರಿನಲ್ಲಿ ಎದ್ದ ಗದ್ದಲಕ್ಕೆ ಸರೋವರದಾಚೆ ಕೆನಡಾದಲ್ಲಿ ಮಲಗಿದ್ದ ನಾಯಿಗಳು ಬೊಗಳಿದವು. ಅದು ಇಳಿಯುವ ಹೊತ್ತಿಗೆ ಯಾರೋ ಕೇಳಿದರು, "ಇವರಿಬ್ಬರ ಪಂದ್ಯದ ಗತಿ ಏನು?"

ಕ್ರಿಸ್ಟೊಫ್ ಕೈಯೊರೆಸಿಕೊಂಡ. ಅಂಥ ವಿಷಯಗಳಲ್ಲಿ ಅವನೇ ಸುಪ್ರೀಂ ಕೋರ್ಟು. "ಸರದಿ ಮುಂದಿನ ಏಪ್ರಿಲ್‌ಗೆ ಹೋಯ್ತು ಅಂದ್ರೆ ಪಂದ್ಯವೂ ಮುಂದಿನ ಏಪ್ರಿಲ್‌ಗೆ. ಅಲ್ಲೀತನಕ ಡಾನ್ಸೂ ಇಲ್ಲ, ಬಾಯಿಗೆ ಬೀಗವೂ ಇಲ್ಲ."

ಕಾರ್ಮೈನ್‌ನ ಭುಜ ಇಳಿಯಿತು. "ಒಂದು ವರ್ಷ ತಾನೇ," ಎಂದ, ಹಿಮಕ್ಕೆ ಹೇಳುವಂತೆ. "ಕಾಯಬಹುದು."

ಕಾಯುತ್ತಾನೆ, ಅದೂ ಗೊತ್ತಿತ್ತು ಅವಳಿಗೆ. ಪ್ರತಿ ಶನಿವಾರ ಬಂದು, ಕ್ಯಾಲೆಂಡರ್ ನೋಡಿಕೊಂಡು ಕಾಯುತ್ತಾನೆ. ತಾನೂ ಇನ್ನೊಂದು ವರ್ಷ ಇಲ್ಲದ ಕೂದಲು ಕತ್ತರಿಸಬೇಕು. ಕೊನೆಗೆ ಯಾವುದೋ ಕೋಣೆಯಲ್ಲಿ ಕೂತ ಯಾರೋ ಸೂಟಿನವರು ಅವಳ ಶನಿವಾರವನ್ನು ತೀರ್ಮಾನಿಸಬೇಕು.

"ಪಂದ್ಯ ರದ್ದು ಮಾಡೋಕೆ ದಾರಿ ಇಲ್ವಾ?" ಎಂದಳು.

"ಇದೆ," ಎಂದ ಕ್ರಿಸ್ಟೊಫ್. "ಕಟ್ಟಿದ ಇಬ್ಬರೂ ತಮ್ಮ ಮಾತು ತಾವು ವಾಪಸ್ ತಗೋಬೇಕು. ಎಲ್ಲರೆದುರು. ಇಲ್ಲೀತನಕ ಯಾರೂ ತಗೊಂಡಿಲ್ಲಮ್ಮ. ಬಫಲೋದೋರು ಸಾಯ್ತಾರೆ, ಮಾತು ವಾಪಸ್ ತಗೊಳ್ಳಲ್ಲ."

ರೆನಾಟಾ ಎದ್ದು ನಿಂತಳು. ಮೂವತ್ತು ವರ್ಷ ಕಟ್ಟಿದ ಕೀರ್ತಿ ಕಾಲಬುಡದಲ್ಲಿ ಮಡಚುವ ಮೇಜಿನಂತೆ ಅಲ್ಲಾಡಿತು.

"ನಾನು," ಎಂದಳು, "ರಿಸೀವರ್ ಬರಲಿ ಅಂತ ಕೂತಿದ್ದೆ."

ರೆಕ್ಕೆ ಕಚ್ಚಿದ್ದವರು ಕಚ್ಚಿಕೊಂಡೇ ಉಳಿದರು. ಸ್ಟೆಲ್ಲಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿದಳು. "ನನ್ನ ಅಕ್ಕನ ಮಗಳ ಬಾಯಲ್ಲಿ ಈ ಮಾತು," ಎಂದಳು. "ಇವಳಪ್ಪ ಸ್ವರ್ಗದಲ್ಲಿ ಟಿವಿ ಆಫ್ ಮಾಡಿರ್ತಾನೆ."

"ಟೀಮಿಗೆ ಬೇಕಾಗಿದ್ದು ಲೈನ್‌ಮನ್ನೇ," ಎಂದಳು ರೆನಾಟಾ. "ನನಗೆ ಬೇಕಾಗಿದ್ದು ಪೋಲ್ಕಾ. ಏನ್ ಮಾಡ್ಲಿ."

ಎಲ್ಲರ ತಲೆ ಕಾರ್ಮೈನ್‌ನತ್ತ ತಿರುಗಿತು. ಅವನು ಎದ್ದಾಗ ಕುರ್ಚಿ ಬಿತ್ತು, ಎತ್ತಲಿಲ್ಲ. ಈಗ ಅವನ ಕಣ್ಣು ಎಲ್ಲಿಗೂ ಜಾರಲಿಲ್ಲ.

"ನಮಗೆ ಬೇಕಿರೋದು ಲೈನ್‌ಮನ್," ಎಂದ. "ಡಿಸೆಂಬರ್‌ನಿಂದಲೇ ನನಗೆ ಗೊತ್ತಿತ್ತು. ಈಗ್ಲೂ ಕಣ್ಣು ಮುಚ್ಚಿ ಅದನ್ನೇ ಬೇಡ್ತಿದ್ದೆ. ಡಾನ್ಸ್ ಹೋದ್ರೂ ಪರವಾಗಿಲ್ಲ, ಸೋತ ವಾರಗಳಲ್ಲಿ ಇವಳ ಮುಖ ನೋಡೋಕಾಗಲ್ಲ."

"ಡಿಸೆಂಬರ್‌ನಿಂದ?" ರೆನಾಟಾ ಸೊಂಟಕ್ಕೆ ಕೈಯಿಟ್ಟಳು. "ಹಾಗಾದ್ರೆ ಇಷ್ಟು ತಿಂಗಳು ನನ್ನ ತಲೆ ಯಾಕೋ ತಿಂದೆ?"

"ನಾನು ಒಪ್ಕೊಂಡಿದ್ರೆ ನೀನು ಎರಡು ನಿಮಿಷದಲ್ಲಿ ಟ್ರಿಮ್ ಮುಗಿಸಿ ಎಬ್ಬಿಸಿ ಕಳಿಸ್ತಿದ್ದೆ."

ರೆನಾಟಾ ತನ್ನ ಕೋಟು ಎತ್ತಿಕೊಂಡು, ಕಣ್ಣಲ್ಲೇ ಅವನಿಗೆ ಬಾಗಿಲು ತೋರಿಸಿದಳು. ಕ್ರಿಸ್ಟೊಫ್ ಕೌಂಟರ್ ಕುಟ್ಟಿ ಪಂದ್ಯ ರದ್ದೆಂದು ಸಾರಿದ. ಅದನ್ನು ಕೇಳಿಸಿಕೊಳ್ಳಬೇಕಾದ ಇಬ್ಬರು ಆಗಲೇ ಬಾಗಿಲು ದಾಟಿದ್ದರು.

ಹೊರಗೆ ಹಿಮ ಕರಗಿ ಚರಂಡಿಗಳು ಹಾಡುತ್ತಿದ್ದವು. ಸರೋವರದ ಗಾಳಿಗೆ ಅವಳು ಕಾಲರ್ ಎತ್ತಿದಳು. ಅವನು ಕೈ ಚಾಚಿದ. ಲಾರಿಯ ಸ್ಟೀರಿಂಗ್ ಹಿಡಿದು ಒರಟಾದ ಕೈ. ಕತ್ತರಿ ಹಿಡಿದು ಗಟ್ಟಿಯಾದ ಅವಳ ಬೆರಳುಗಳು ಅದರಲ್ಲಿ ಸಲೀಸಾಗಿ ಕೂತವು.

"ಶನಿವಾರ ಏಳಕ್ಕೆ ಬರ್ತೀನಿ," ಎಂದ.

"ಆರೂವರೆಗೆ ಬಾ. ನಾನು ಬಾಗಿಲಲ್ಲೇ ಇರ್ತೀನಿ." ಹಾಗೆಂದು, ಬೀದಿದೀಪದ ಕೆಳಗೆ ನಿಂತು ಅವನ ಕೆನ್ನೆಗೆ ಮುತ್ತಿಟ್ಟಳು. ಕೋಳಿ ರೆಕ್ಕೆಯ ಖಾರ ಇಬ್ಬರಿಗೂ ಹತ್ತಿತು. ಬೀದಿದೀಪ ಒಂದು ಸಲ ಮಿನುಗಿತು, ಅದಕ್ಕೇನು ಗೊತ್ತಾಯಿತೋ.

ಆಮೇಲೆ ಇಬ್ಬರೂ ಬೀದಿಗುಂಟ ನಡೆದರು. ಇಬ್ಬರೂ ಲೈನ್‌ಮನ್ ಪಕ್ಷ, ಇಬ್ಬರದೂ ಒಂದೇ ಮತ. ರೆನಾಟಾಳಿಗೆ ನಿಧಾನವಾಗಿ ಭಯ ಶುರುವಾಯಿತು. ಇನ್ನು ಏನು ಮಾತಾಡುವುದು? ಎಲ್ಲದಕ್ಕೂ ಹೌದು ಹೌದು ಎನ್ನುವ ದಂತವೈದ್ಯನಾಗಿಬಿಟ್ಟರೆ ಇವನೂ?

ಕಾರ್ಮೈನ್ ಗಂಟಲು ಸರಿಪಡಿಸಿಕೊಂಡ. "ನಾಳೆ ಎರಡನೇ ಸುತ್ತಲ್ಲಿ ಲೈನ್‌ಮನ್ ತಗೊಳ್ಳಲಿ, ಅದು ಸರಿ. ಆದ್ರೆ ಮೂರನೇ ಸುತ್ತಲ್ಲಿ ಹೊಸ ಕ್ವಾರ್ಟರ್‌ಬ್ಯಾಕ್ ತಗೋಬೇಕು. ಈಗಿರೋನಿಗೆ ವಯಸ್ಸಾಯ್ತು."

ರೆನಾಟಾ ನಡುರಸ್ತೆಯಲ್ಲಿ ನಿಂತಳು. ಅಷ್ಟು ಸಿಹಿಯಾದ ತಪ್ಪು ಅಭಿಪ್ರಾಯವನ್ನು ಅವಳು ಈ ಜನ್ಮದಲ್ಲಿ ಕೇಳಿರಲಿಲ್ಲ.

"ನಿನಗೆ ತಲೆ ಕೆಟ್ಟಿದೆ," ಎಂದಳು, ಕೈ ಬಿಡದೆ. "ನಡಿ, ಸರೋವರದ ದಂಡೆ ಸುತ್ತಿಕೊಂಡು ಹೋಗೋಣ. ಇದನ್ನ ನಿನಗೆ ಬಿಡಿಸಿ ಹೇಳೋಕೆ ತುಂಬಾ ಹೊತ್ತು ಬೇಕು."