ಪ್ರಾಪರ್ಟಿ ನೋಡಿದ ಹುಡುಗಿ

ಒಂದು ಉಕ್ಕಿನ ತೊಲೆ ತಪ್ಪಾದರೆ ಉಕ್ಕಿನ ದುಡ್ಡು ಹೋಯಿತು, ಬೆಸುಗೆಯವನ ಕೂಲಿ ಹೋಯಿತು, ಕ್ರೇನಿನ ಬಾಡಿಗೆ ಎರಡು ಸಲ ಬಿತ್ತು. ಏರಿಸಲು ಒಮ್ಮೆ, ಇಳಿಸಲು ಇನ್ನೊಮ್ಮೆ. ನಾವು ಇಳಿಸುವ ಮೊದಲೇ ಅದು ತಾನಾಗಿ ಇಳಿದುಬಿಟ್ಟರೆ, ಕೆಳಗೆ ನಿಂತವರ ಲೆಕ್ಕ ಯಾರು ಕೊಡಬೇಕು?

ಆದ್ದರಿಂದಲೇ ಅವನು ನೆಟ್ಟಗೆ ಅವಳ ಮೇಜಿಗೆ ಬಂದು, ಇಡೀ ಆಫೀಸಿಗೆ ಕೇಳುವಂತೆ ಗದರಿದ.

"ಈ ಲೆಕ್ಕ ಯಾರದು?"

ಅವಳು ಕೆಲಸಕ್ಕೆ ಸೇರಿ ಇನ್ನೂ ವಾರವಾಗಿರಲಿಲ್ಲ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದು ಅವಳ ಕೆಲಸ. ಅವನ್ನು ಪರೀಕ್ಷಿಸುವ ಇಂಜಿನಿಯರ್ ಇವನು. ಆಫೀಸಿನವರು ಬೆನ್ನ ಹಿಂದೆ 'ಕೆಂಪು ಪೆನ್ನು' ಅನ್ನುತ್ತಿದ್ದರು.

"ನಂದೇ ಸಾರ್..."

"ಇದು ಟೊಳ್ಳು ತೊಲೆ! ಹೊರಗಿನ ಚೌಕ ಬರೆದಿದ್ದೀರಿ, ಒಳಗಿನ ಚೌಕ ಬರೆದಿದ್ದೀರಿ, ಆದ್ರೆ ಒಳಗಿಂದನ್ನ ಕಳೆದೇ ಇಲ್ಲ. ಸಾಫ್ಟ್‌ವೇರ್ ಪಾಪ, ಇದನ್ನ ಗಟ್ಟಿ ದಿಮ್ಮಿ ಅಂದ್ಕೊಂಡಿದೆ. ಇದನ್ನ ನಂಬಿ ಕಟ್ಟಿದ್ರೆ ಏನಾಗುತ್ತೆ ಗೊತ್ತಾ?"

ಗೊತ್ತಿತ್ತು.

ಗಾಜಿನ ಕೋಣೆಯಿಂದ ಮ್ಯಾನೇಜರ್ ಇಣುಕಿದರು. "ಏನದು ಗಲಾಟೆ?"

"ಏನಿಲ್ಲ ಸಾರ್, ಪ್ರಿಂಟ್ ಸರಿ ಬಂದಿಲ್ಲ ಅಷ್ಟೇ," ಅಂದ ಅವನು, ಕಣ್ಣು ಮಿಟುಕಿಸದೆ.

ಅವಳು ಬೆರಗಾಗಿ ನೋಡಿದಳು. ಬೈದ ಬಾಯಿಯೇ ಕಾಪಾಡಿತಲ್ಲ! ಅವನು ಕುರ್ಚಿ ಎಳೆದುಕೊಂಡು ಕೂತ.

"ಬನ್ನಿ, ಇನ್ನೊಂದ್ಸಲ ಮಾಡೋಣ."

ತೊಲೆಯನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ಮುಖ ಎಷ್ಟು ದೊಡ್ಡದು, ಅದರ ನಡು ಎಲ್ಲಿದೆ, ಅದು ಬಾಗದೆ ಎಷ್ಟು ತಡೆಯುತ್ತದೆ, ಇದನ್ನೆಲ್ಲ ಸಾಫ್ಟ್‌ವೇರಿನಿಂದ ತೆಗೆಯುತ್ತಾರೆ. ಆ ಕೆಲಸದವರು ಇದಕ್ಕೆ ಒಟ್ಟಾಗಿ 'ಪ್ರಾಪರ್ಟಿ' ಅನ್ನುತ್ತಾರೆ. "ಪ್ರಾಪರ್ಟಿ ನೋಡಿದ್ರಾ?" "ಪ್ರಾಪರ್ಟಿ ಎಷ್ಟು ಬಂತು?" ಎಂದು ಇಬ್ಬರೂ ದಿನವಿಡೀ ಕೇಳಿಕೊಳ್ಳುತ್ತಿದ್ದರು. ಗದರಿಕೆ ಕಡಿಮೆಯಾಯಿತು, ಟೀ ಹೆಚ್ಚಾಯಿತು. ಉಳಿದದ್ದನ್ನು ನಾನು ಹೇಳಬೇಕಿಲ್ಲ.

ಒಂದು ಸಂಜೆ ಲಿಫ್ಟಿನ ಮುಂದೆ ಅವನೇ ಬಾಯಿ ಬಿಟ್ಟ.

"ಅಮ್ಮನಿಗೆ ನಿಮ್ಮ ವಿಷಯ ಹೇಳಿದೀನಿ. ಮುಂದಿನ ವಾರ ಮನೆಗೆ ಬರ್ತೀರಾ?"

"ಅವರು ಬೇಡ ಅಂದ್ರೆ?"

"ಅಮ್ಮ ಬೇಡ ಅಂದಿದ್ದನ್ನ ನಾನು ಯಾವತ್ತೂ ಮಾಡಿಲ್ಲ. ಅವರಿಗೆ ಇರೋನು ನಾನೊಬ್ಬನೇ."

ಅವಳಿಗೆ ಆ ಮಾತು ಇಷ್ಟವೂ ಆಯಿತು, ಭಯವೂ ಆಯಿತು.

ಭಾನುವಾರ ಬೆಳಿಗ್ಗೆ ಅವಳು ಮನೆಯಲ್ಲೇ ಕೂತು, ಆಸ್ಪತ್ರೆಯೊಂದರ ಮುಂಭಾಗದ ಚಾವಣಿಗೆ ಆರಿಸಿದ್ದ ತೊಲೆಯನ್ನು ಮತ್ತೆ ಪರೀಕ್ಷಿಸಿದಳು. ತಡೆಯಲಾಗದೆ ಅವನಿಗೆ ಫೋನ್ ಮಾಡಿದಳು. ಅವನು ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದ; ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕಕ್ಕಿಟ್ಟ. ಒಳಕೋಣೆಯಲ್ಲಿ ಅಮ್ಮನ ಹೊಲಿಗೆ ಮಿಷಿನ್ನಿನ ಸದ್ದು ನಿಂತದ್ದು ಅವನ ಗಮನಕ್ಕೆ ಬರಲಿಲ್ಲ.

"ಪ್ರಾಪರ್ಟಿ ನೋಡಿದೆ ಕಣ್ರೀ," ಅಂದಳು ಅವಳು. "ಹೊರಗಿಂದ ದೊಡ್ಡದಾಗಿ ಕಾಣುತ್ತೆ, ಒಳಗೆಲ್ಲ ಟೊಳ್ಳು! ಕಳೆದು ನೋಡಿದ್ರೆ ಏನೂ ಉಳಿಯಲ್ಲ. ಇಷ್ಟು ಪ್ರಾಪರ್ಟಿ ನಂಬ್ಕೊಂಡು ನಾನು ಮುಂದೆ ಹೋಗಲ್ಲಪ್ಪ. ಬೇರೆಯದನ್ನ ನೋಡ್ತೀನಿ."

"ನೋಡಿ, ನೋಡಿ. ನೀವು ಹೇಳಿದ ಹಾಗೇ ಆಗ್ಲಿ," ಎಂದು ಅವನು ನಕ್ಕ.

ಸೋಮವಾರ ಅವನ ಮುಖದಲ್ಲಿ ಕಳೆ ಇರಲಿಲ್ಲ.

"ಅಮ್ಮ ಬೇಡ ಅಂದ್ರು."

"ಯಾಕೆ?"

"'ಕಾರಣ ನಿನಗೇ ಗೊತ್ತು' ಅಂತಾರೆ. ನನಗೆ ಏನೂ ಗೊತ್ತಿಲ್ಲ..."

'ನನ್ನ ಮೊದಲನೇ ವಾರದ ತಪ್ಪನ್ನ ಇವರೇ ಹೇಳಿರಬೇಕು. ದಡ್ಡಿ ಸೊಸೆ ಯಾರಿಗೆ ಬೇಕು?' ಅಂದುಕೊಂಡಳು ಅವಳು. ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಅವನೂ ಅಮ್ಮನನ್ನು ಮತ್ತೆ ಕೆದಕಿ ಕೇಳಲಿಲ್ಲ.

ಬುಧವಾರ ಅವನು ಸೈಟಿಗೆ ಹೋದ. ಅವಳು ಅರ್ಧ ದಿನ ರಜೆ ಹಾಕಿ, ಲ್ಯಾಪ್‌ಟಾಪ್ ಚೀಲವನ್ನು ಹೆಗಲಿಗೇರಿಸಿ ನೇರ ಅವನ ಮನೆಗೆ ನಡೆದಳು. ಬೇಡವೆನ್ನುವುದಾದರೆ ಮುಖ ನೋಡಿಯೇ ಅನ್ನಲಿ!

ಬಾಗಿಲು ತೆಗೆದ ತಾಯಿಯ ಕೊರಳಲ್ಲಿ ಅಳತೆ ಟೇಪು ಜೋತಾಡುತ್ತಿತ್ತು. ಒಳಗೆ ಎರಡು ಚಿಕ್ಕ ಕೋಣೆ, ಹೊಲಿಗೆ ಮಿಷಿನ್ನು, ಮಡಿಸಿಟ್ಟ ಪರದೆ ಬಟ್ಟೆ.

"ಮಗ ಫೋಟೋ ತೋರಿಸಿದ್ದ ಹುಡುಗಿ ನೀನೇನಾ? ಬಂದಿದ್ದು ಒಳ್ಳೇದಾಯ್ತು," ಅಂದಳು ತಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನೋಡ್ಕೋ. ಬಾಡಿಗೆ ಮನೆ. ನೀನು ಹೇಳಿದ್ದು ಸರಿಯಾಗೇ ಇದೆ, ಒಳಗೆಲ್ಲ ಟೊಳ್ಳು. ಕಳೆದು ನೋಡಿದ್ರೆ ಏನೂ ಉಳಿಯಲ್ಲ."

"ನಾನು... ಹಾಗೆ ಯಾವಾಗ ಹೇಳಿದೆ?"

"ಭಾನುವಾರ. ಫೋನಲ್ಲಿ. ಪ್ರಾಪರ್ಟಿ ಸಾಲದು, ಬೇರೆ ಹುಡುಗನ್ನ ನೋಡ್ತೀನಿ ಅಂದೆಯಲ್ಲ! ಆ ಪೆದ್ದ ಅದಕ್ಕೂ ನಗ್ತಾನೆ!" ತಾಯಿಯ ಕಣ್ಣು ತುಂಬಿತು. "ಇವರಪ್ಪ ಹೋದ ವಾರಕ್ಕೇ ಬಂಧುಗಳೆಲ್ಲ ಬಂದು ಕೂತಿದ್ರು. ಅವರ ಬಾಯಲ್ಲೂ ಇದೇ ಮಾತು. ಪ್ರಾಪರ್ಟಿ, ಪ್ರಾಪರ್ಟಿ... ಕೊನೆಗೆ ನನ್ನ ಪಾಲಿಗೆ ಬಂದಿದ್ದು ಈ ಮಿಷಿನ್ನು, ಆ ಮಗ. ಅವನನ್ನ ಇನ್ನೊಬ್ಬರ ಮುಂದೆ ಲೆಕ್ಕಕ್ಕೆ ಕೂರಿಸಲ್ಲ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಅಳುವೇ ಗೆದ್ದಿತು. ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು.

"ಇಲ್ಲಿ ನೋಡಿ ಅಮ್ಮ. ಇದು ತೊಲೆ. ಇದು ಹೊರಗಿನ ಚೌಕ. ಇದು ಒಳಗಿನ ಟೊಳ್ಳು. ಇದನ್ನ ಕಳೀತೀನಿ... ಈಗ ಈ ಅಂಕಿ ಬಂತಲ್ಲ, ಇದನ್ನೇ ನಾವು ಪ್ರಾಪರ್ಟಿ ಅನ್ನೋದು."

ತಾಯಿ ಕನ್ನಡಕ ಏರಿಸಿಕೊಂಡು ಬಗ್ಗಿದಳು.

"ಇದಾ?"

"ಇದೇ. ಆಸ್ತಿ ಅಲ್ಲ ಅಮ್ಮ... ಗುಣ. ಭಾರ ಬಿದ್ರೆ ತಡ್ಕೊಳ್ಳುತ್ತಾ ಇಲ್ವಾ ಅನ್ನೋ ಗುಣ. ನಾನು ಬೇಡ ಅಂದಿದ್ದು ಆಸ್ಪತ್ರೆಯ ತೊಲೆಯನ್ನ. ನಿಮ್ಮ ಮಗನನ್ನಲ್ಲ!"

ತಾಯಿ ಆ ಅಂಕಿಯನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಸೆರಗು ಬಾಯಿಗಿಟ್ಟು ನಗತೊಡಗಿದಳು. ನಗುತ್ತಾ ನಗುತ್ತಾ ಕೆಮ್ಮಿದಳು.

"ಅಯ್ಯೋ ನನ್ನ ಬುದ್ಧಿಗಿಷ್ಟು! ತೊಲೆಗೆ ಅಂದ ಮಾತಿಗೆ ನಿನ್ನ ಮೇಲೆ ಕೋಪ ಮಾಡ್ಕೊಂಡ್ನಲ್ಲೇ!" ಕಣ್ಣೊರೆಸಿಕೊಂಡು ಕೇಳಿದಳು. "ಹಾಗಾದ್ರೆ ನನ್ನ ಮಗನ ಗುಣ ನೋಡಿದ್ಯಾ?"

"ನೋಡಿದೆ." ಅವಳ ಕೆನ್ನೆ ಕೆಂಪಾಯಿತು. "ಬಾಯಿ ಜೋರು. ಆದ್ರೆ ನನ್ನ ತಪ್ಪನ್ನ ಮೇಲಿನವರಿಗೆ ಹೇಳದೆ, ಪಕ್ಕದಲ್ಲಿ ಕೂತು ತಿದ್ದಿದ್ರು. ನನಗೆ ಅಷ್ಟು ಸಾಕು."

"ಏಳು ಮೇಲೆ," ಅಂದಳು ತಾಯಿ. "ನೆಟ್ಟಗೆ ನಿಂತ್ಕೋ."

ಸಂಜೆ ಹೆಲ್ಮೆಟ್ ಹಿಡಿದು ಮನೆಗೆ ಬಂದ ಅವನು ಹೊಸ್ತಿಲಲ್ಲೇ ನಿಂತುಬಿಟ್ಟ. ನಡುಮನೆಯಲ್ಲಿ ಅವಳು ಕೈ ಚಾಚಿ ನಿಂತಿದ್ದಾಳೆ. ಅಮ್ಮ ಭುಜಕ್ಕೆ ಟೇಪು ಹಿಡಿದಿದ್ದಾಳೆ!

"ಅಮ್ಮಾ... ಇದೇನು?"

"ಅಳತೆ ಕಣೋ. ಮದುವೆ ಹೆಣ್ಣಿಗೆ ಬಟ್ಟೆ ಹೊಲೀಬೇಡ್ವಾ? ನೀನು ಮಾತಾಡ್ತಿರು, ನಾನು ಹಾಲಿಡ್ತೀನಿ."

ಇಬ್ಬರೇ ಉಳಿದರು. ಅವಳು ನಡೆದದ್ದನ್ನೆಲ್ಲ ಹೇಳಿದಳು; ಅವನಿಗೆ ನಂಬಿಕೆ ಬರಲಿಲ್ಲ.

"ಕೋಪ ಇದೆಯಾ ನನ್ನ ಮೇಲೆ?"

"ಇದೆ. ಅಮ್ಮ ಬೇಡ ಅಂದ್ರು ಅಂತ ಹೇಳಿ ಸುಮ್ಮನೆ ಕೂತ್ರಲ್ಲ! ಕೂತು ಕೇಳ್ಬಾರದಿತ್ತಾ?"

"ಕೇಳ್ಬೇಕಿತ್ತು. ಹೆದರಿದೆ." ಅವನು ತಲೆ ತಗ್ಗಿಸಿದ. "ನೀವಿಲ್ಲದೆ ಆಗಲ್ಲ ಅಂತ ಅಮ್ಮನಿಗೆ ಹೇಳೋಕೂ ಧೈರ್ಯ ಬರಲಿಲ್ಲ."

"ನನಗೆ ಹೇಳಿ."

"ನೀವಿಲ್ಲದೆ ಆಗಲ್ಲ."

"'ನೀನು' ಅನ್ನಿ."

"...ನೀನಿಲ್ಲದೆ ಆಗಲ್ಲ ಕಣೇ."

ಒಳಗಿಂದ ಹಾಲು ಉಕ್ಕಿದ ಸದ್ದು, ಅದರ ಹಿಂದೆಯೇ ಅಮ್ಮನ ಬೈಗುಳ ಕೇಳಿತು. ಅವಳು ಓಡಿ ಹೋಗಿ ಒಲೆ ಆರಿಸಿದಳು.

ಆ ದಿನ ಅವಳಿಗೆ ಹೋದದ್ದು ಅರ್ಧ ದಿನದ ರಜೆ. ಸಿಕ್ಕವರು ಇಬ್ಬರು: ಮೊದಲು ಅತ್ತೆ, ಆಮೇಲೆ ಗಂಡ.