ಮೂರನೇ ಕೂಗು

"ಎರಡು ಇಡ್ಲಿ, ಒಂದು ವಡೆ!"

ಹಾಲ್ ಕಡೆಯಿಂದ ಗೊಗ್ಗರು ದನಿಯ ಕೂಗು ಬಂತು. ವನಜ ತಟ್ಟೆಗೆ ಹಾಕಿ, ಚಟ್ನಿ ಸುರಿದು, ಅಡುಗೆಮನೆಯ ಕಿಂಡಿಯಲ್ಲಿಟ್ಟಳು. ಆಮೇಲೆ ತಲೆ ಎತ್ತಿ ನೋಡಿದಳು.

ಹಾಲ್‌ನಲ್ಲಿ ಯಾರೂ ಇರಲಿಲ್ಲ!

ಮಧ್ಯಾಹ್ನ ಮೂರು ಗಂಟೆ. ಹೋಟೆಲಿನ ಬಾಗಿಲು ಹಾಕಿತ್ತು. ಕುರ್ಚಿಗಳೆಲ್ಲ ತಲೆಕೆಳಗಾಗಿ ಮೇಜಿನ ಮೇಲಿದ್ದವು. ಹಾಗಾದರೆ ಕೂಗಿದ್ದು ಯಾರು?

ಸಾಂಬಾರಿನ ಪಾತ್ರೆ ಮುಚ್ಚಲು ಒಮ್ಮೆ ತಿರುಗಿದಳು ಅಷ್ಟೇ. ಮತ್ತೆ ನೋಡಿದರೆ ಕಿಂಡಿಯಲ್ಲಿದ್ದ ತಟ್ಟೆಯೂ ಮಾಯವಾಗಿತ್ತು...

ಅದು ೧೯೮೧. ತುಮಕೂರಿನ ಬಟವಾಡಿಯಲ್ಲಿ ಹೈವೇ ಪಕ್ಕದ ಹೋಟೆಲು. ಗುಬ್ಬಿ ಕಡೆಯ ವನಜ ಅಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಬೆಳಗ್ಗೆ ಐದಕ್ಕೆ ಒಲೆ ಮುಂದೆ ನಿಂತರೆ ರಾತ್ರಿ ಒಂಬತ್ತರವರೆಗೂ ನಿಂತೇ ಇರಬೇಕು. ಒಂದು ದಿನವೂ ರಜೆಯಿಲ್ಲ. ರುಬ್ಬುವ ಕಲ್ಲಿಗಾದರೂ ಮಧ್ಯಾಹ್ನ ಬಿಡುವಿತ್ತು, ಇವಳಿಗಿರಲಿಲ್ಲ.

ಪಾತ್ರೆ ತೊಳೆಯುವ ಕಲ್ಲಮ್ಮನ ಹತ್ತಿರ ಮಾತ್ರ ವಿಷಯ ಹೇಳಿಕೊಂಡಳು. ಕಲ್ಲಮ್ಮನ ಮುಖ ಬಿಳಿಚಿತು.

"ನಿನ್‌ಗೂ ಕೇಳುಸ್ತಾ ಮಗಾ? ನಿನ್ಗಿಂತ ಮುಂಚೆ ಇದ್ಲಲ್ಲ ನರಸಿಂಹಮ್ಮ, ಅವ್ಳೂ ಹಿಂಗೇ ಖಾಲಿ ಹಾಲ್‌ಗೆ ತಟ್ಟೆ ಇಡೋಳು. ಸಾಹುಕಾರ್ರು ಕಂಡುಬುಟ್ರು. ಹುಚ್ಚಿ ಅಂತ ಅವತ್ತೇ ಊರಿಗೆ ಕಳ್ಸಿದ್ರು. ಈಗ್ಲೂ ಜಗಲಿ ಮೇಲೆ ಯಾರ್ಗೋ ಎಲೆ ಹಾಕ್ಕೊಂಡು ಕೂತಿರ್ತಾಳಂತೆ..."

"ಅಯ್ಯೋ! ನಾನೇನ್ ಮಾಡ್ಲಿ ಕಲ್ಲಮ್ಮ?"

"ದೆವ್ವ-ಗಾಳಿ ಒಂದೇ ಸಲ ಕೂಗೋದು ಕಣವ್ವ. ಮನುಷ್ಯ ಆದ್ರೆ ಮೂರು ಸಲ ಕೂಗ್ತಾನೆ. ಮೂರ್ನೇ ಕೂಗಿಗೆ ಮಾತ್ರ ಓಗೊಡು."

ಅಂದಿನಿಂದ ವನಜ ಮೊದಲ ಕೂಗಿಗೆ ಕಲ್ಲಾದಳು. ಪಾಪ, ಕಷ್ಟ ಬಂದಿದ್ದು ಸಪ್ಲೈಯರ್ ಆಂಜನಪ್ಪನಿಗೆ! ಕುಣಿಗಲ್ಲಿನವನು, ಮಿತಭಾಷಿ. ಒಂದು ಕಾಫಿಗೂ ಮೂರು ಸಲ ಕೂಗಬೇಕು. ಗಿರಾಕಿಗಳು ರೇಗಿದರೆ "ತಪ್ಪು ನಂದೇ ಸ್ವಾಮಿ, ಮೆಲ್ಲಗೆ ಕೂಗ್ದೆ" ಎನ್ನುತ್ತಿದ್ದ. ಕಾರಣ ಮಾತ್ರ ಅವಳನ್ನು ಒಮ್ಮೆಯೂ ಕೇಳಲಿಲ್ಲ.

ಆದರೆ ಮಧ್ಯಾಹ್ನ ಮೂರು ಗಂಟೆಯ ಕೂಗಿಗೆ ಅವಳ ನಿಯಮ ನಡೆಯುತ್ತಿರಲಿಲ್ಲ. ದಣಿದ ಕೈ ತಾನಾಗಿ ತಟ್ಟೆ ಎತ್ತುತ್ತಿತ್ತು. ಇಟ್ಟ ಮೇಲೆ ಎಚ್ಚರ! ತಟ್ಟೆ ದಿನವೂ ಮಾಯ.

'ನಾನೂ ನರಸಿಂಹಮ್ಮನ ಹಾಗೆ ಆಗಿಬಿಡ್ತೀನಾ?'

ಒಂದು ದಿನ ತಡೆಯಲಾಗಲಿಲ್ಲ. ತಟ್ಟೆ ಇಟ್ಟವಳೇ ಅಡುಗೆಮನೆಯ ಬಾಗಿಲು ದಾಟಿ ಹಾಲ್‌ಗೆ ನುಗ್ಗಿದಳು.

ಕಿಂಡಿಯ ಕೆಳಗೆ, ಗೋಡೆಗೆ ಒತ್ತಿದಂತೆ ಚಾಪೆ ಹಾಸಿತ್ತು. ಅದರ ಮೇಲೆ ಆಂಜನಪ್ಪ! ಬಾಯಿ ತುಂಬ ಇಡ್ಲಿ!

"ನೀವಾ?! ಕೂಗಿ ಕೂಗಿ ನನ್ನ ಹುಚ್ಚಿ ಮಾಡಿ, ಇಲ್ಲಿ ಕೂತ್ಕೊಂಡು ತಿಂತಿದೀರಾ? ಥೂ..."

ಅವನು ಏನೋ ಹೇಳಲು ಹೋಗಿ ಕೆಮ್ಮಿದ. ವನಜ ಅಳುತ್ತಾ ಬಟ್ಟೆಯ ಗಂಟು ತೆಗೆದುಕೊಂಡು ಹೊರಟೇಬಿಟ್ಟಳು.

ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸು ಹತ್ತಿ ಕೂತಿದ್ದಾಗ ಅವನು ಏದುಸಿರು ಬಿಡುತ್ತಾ ಸೈಕಲ್ಲಿನಲ್ಲಿ ಬಂದ. ಕಿಟಕಿಯ ಸರಳು ಹಿಡಿದುಕೊಂಡ.

"ನಾನು ಕೂಗ್ಲಿಲ್ಲ ಕಣ್ರೀ, ನಂಗ್ಯಾವ ಕೂಗೂ ಕೇಳಿಸ್ಲಿಲ್ಲ. ನಮ್ಮವ್ವನಾಣೆ!"

"ಮತ್ತೆ ತಿಂದಿದ್ದು?"

"ತಟ್ಟೆ ಅಲ್ಲೇ ಇದ್ರೆ ಸಾಹುಕಾರ್ರು ನೋಡ್ತಿದ್ರು. ನಿಮ್ಮನ್ನೂ ಹುಚ್ಚಿ ಅಂತಿದ್ರು. ಅದಕ್ಕೇ... ಹದಿನೆಂಟು ದಿನದಿಂದ ತಿಂತಿದೀನಿ."

"ಊಟ ಆದ್ಮೇಲೂನಾ?"

"ಹೂಂ. ವಡೆ ಒಂದೊಂದ್ಸಲ ಗಂಟಲಲ್ಲಿ ಇಳೀತಿರ್ಲಿಲ್ಲ."

ಪ್ರೀತಿ ಎಂದರೆ ಹೂವು, ಪತ್ರ ಎಂದುಕೊಂಡವರು ಇವನನ್ನೊಮ್ಮೆ ನೋಡಬೇಕು! ವನಜಳ ಕಣ್ಣು ಮತ್ತೆ ತುಂಬಿತು, ಈ ಸಲ ಬೇರೆ ಕಾರಣಕ್ಕೆ.

"ಬೆಂಗಳೂರಿನ ಹೋಟೆಲಲ್ಲಿ ನಂಗೂ ಹಿಂಗೇ ಆಗಿತ್ತು," ಅವನು ತಲೆ ತಗ್ಗಿಸಿದ. "ನಿದ್ದೇಲೂ ಬಿಲ್ಲು ಹೇಳ್ತಿದ್ದೆ. ಡಾಕ್ಟ್ರು ಇದು ಹುಚ್ಚಲ್ಲ ಅಂದ್ರು. ನಿದ್ದೆ ಮಾಡು, ವಾರಕ್ಕೊಂದು ರಜೆ ತಗೋ, ಯಾರ್ ಹತ್ರಾನಾದ್ರೂ ಬಾಯ್ಬಿಟ್ಟು ಹೇಳ್ಕೋ ಅಂದ್ರು. ನಂಗೆ ಹೇಳ್ಕೊಳ್ಳೋಕೆ ಯಾರೂ ಇರ್ಲಿಲ್ಲ. ನಿಮ್ಗೆ... ನಾನಿದೀನಿ."

ಬಸ್ಸು ಹೊರಟಿತು. "ಮಲ್ಕೊಳ್ರೀ! ಚೆನ್ನಾಗಿ ಮಲ್ಕೊಂಡು ಬನ್ನಿ! ರಜೆ ವಿಷಯ ನಾನು ಮಾತಾಡ್ತೀನಿ!" ಎಂದು ಅವನು ಹಿಂದಿನಿಂದ ಕೂಗುತ್ತಲೇ ಇದ್ದ.

ವನಜ ಊರಲ್ಲಿ ಎಂಟು ದಿನ ಮಲಗಿದಳು. ಒಂಬತ್ತನೇ ದಿನ ವಾಪಸು ಬಂದಾಗ, ಅಡುಗೆಮನೆಯವರಿಗೂ ಸಪ್ಲೈಯರುಗಳಿಗೂ ವಾರಕ್ಕೊಂದು ದಿನ ಸರದಿಯ ರಜೆ ಸಿಕ್ಕಿತ್ತು. ಕೊಡದಿದ್ದರೆ ನಾನೂ ಬರುವುದಿಲ್ಲ ಎಂದು ಆಂಜನಪ್ಪ ಸಾಹುಕಾರ್ ಶಿವರಾಮಯ್ಯನವರ ಮುಂದೆ ಕೂತುಬಿಟ್ಟಿದ್ದನಂತೆ!

ಮಧ್ಯಾಹ್ನ ಮೂರು ಗಂಟೆ. ಕಿಂಡಿಯ ಆಚೆ ಅವನು, ಈಚೆ ಅವಳು.

"ಒಂದ್ ಮಾತು ಕೇಳ್ಬೇಕಿತ್ತು..." ಎಂದು ಅವನು ಬಾಯಿ ತೆರೆದ.

"ಎರಡು ಇಡ್ಲಿ, ಒಂದು ವಡೆ!"

ವನಜ ತಟ್ಟನೆ ಅವನ ಮುಖ ನೋಡಿದಳು. ಅವನ ತುಟಿ ಅಲುಗಿರಲಿಲ್ಲ. ದನಿ ಅವನ ಬೆನ್ನ ಹಿಂದಿನಿಂದ, ಖಾಲಿ ಮೇಜುಗಳ ನಡುವಿನಿಂದ ಬಂದಿತ್ತು. ಅವನ ತೋಳಿನ ಕೂದಲು ನೆಟ್ಟಗೆ ನಿಂತಿತ್ತು.

"ನಿಮ್ಗೂ... ಕೇಳಿಸ್ತಾ?" ಅವಳು ಪಿಸುಗುಟ್ಟಿದಳು.

"ಕೇಳಿಸ್ತು."

ಕಿಂಡಿಯೊಳಗೆ ಕೈ ಚಾಚಿ ಅವನು ಅವಳ ಬೆರಳು ಹಿಡಿದುಕೊಂಡ. ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಎರಡನೇ ಕೂಗು ಬರಲಿಲ್ಲ. ಹೈವೇಯಲ್ಲಿ ಲಾರಿಯೊಂದು ಹಾದುಹೋಯಿತು. ಅವಳ ಕೈ ಈ ಸಲ ತಟ್ಟೆ ಎತ್ತಲಿಲ್ಲ, ಅವನ ಕೈಯಲ್ಲೇ ಉಳಿಯಿತು.

"ನನ್ನ ಮದ್ವೆ ಆಗ್ತೀರಾ?" ಎಂದ ಆಂಜನಪ್ಪ.

ವನಜ ಸುಮ್ಮನಿದ್ದಳು.

ಅವನ ಮುಖ ಸಣ್ಣದಾಯಿತು. ಬೆರಳು ಬಿಡಲು ಹೋದವನು, ಅವಳ ತುಟಿಯಂಚಿನ ನಗು ನೋಡಿ ನಿಂತ.

"ಮದ್ವೆ ಆಗ್ತೀರಾ, ವನಜಾ?"

ಅವಳು ಇನ್ನೂ ಕಾಯುತ್ತಿದ್ದಳು.

"ವನಜಾ... ನನ್ನ ಮದ್ವೆ ಆಗ್ತೀಯಾ?"

"ಓ!" ಎಂದಳು ಅವಳು. "ಆಗ್ತೀನಿ. ಇನ್ಮೇಲೆ ಆ ಕೂಗೋರ ಪಾಲಿನ ಇಡ್ಲಿ ನೀವೊಬ್ರೇ ತಿನ್ಬೇಡಿ. ನಂಗೂ ಒಂದು ಕೊಡಿ."